ಯಾರದೂ ಅಲ್ಲದ ನಡುಗಡ್ಡೆ

ಕರಿಹೊಳೆಯ ದಡದಲ್ಲಿ ಒಂದು ರಾಜ್ಯವಿತ್ತು, ಮಕ್ಕಳೇ. ವೀರದರ್ಪ ಎಂಬುವನು ಅಲ್ಲಿಯ ರಾಜ. ಆ ರಾಜ್ಯದಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿತ್ತು. ದೂರು ಕೊಟ್ಟವನೂ ದೂರಿಗೆ ಒಳಗಾದವನೂ ಒಂದೇ ಕೋಲಿನ ಎರಡು ತುದಿ ಹಿಡಿದು, ಊರ ಮುಂದೆ ಮಾತಾಡಬೇಕು. ಕೋಲು ಹಿಡಿಯದೆ ಯಾರಿಗೂ ಶಿಕ್ಷೆಯಿಲ್ಲ.

ವೀರದರ್ಪನಿಗೆ ಆ ಕೋಲು ಕಂಡರಾಗದು. ಅವನು ಒಂದು ಉಪಾಯ ಹೂಡಿದ. ಹೊಳೆಯ ನಡುವಿನ ನಡುಗಡ್ಡೆ ತನ್ನ ರಾಜ್ಯವಲ್ಲ, ಅಲ್ಲಿ ಕೋಲಿನ ಪದ್ಧತಿಯೂ ಇಲ್ಲ ಎಂದು ಡಂಗುರ ಹೊಡೆಸಿದ.

ಊರಿನ ರೈತ ಕೊಟ್ರಪ್ಪ, ರಾಜನ ಆನೆ ತನ್ನ ತೋಟ ತುಳಿಯಿತೆಂದು ದೂರು ಹೇಳಿದ. ರಾಜನ ಸಿಪಾಯಿಗಳು ಅವನನ್ನು ದೋಣಿಯಲ್ಲಿ ನಡುಗಡ್ಡೆಗೆ ಒಯ್ದರು. ದೋಣಿ ಬರಿದಾಗಿ ಬಂತು. ಕೊಟ್ರಪ್ಪ ಎಲ್ಲಿ ಎಂದು ಅದೇ ಊರಿನ ಮಾಳಿಂಗ ಕೇಳಿದ. ಅವನನ್ನೂ ಒಯ್ದರು. ದೋಣಿ ಬರಿದಾಗಿ ಬಂತು. ಆಮೇಲೆ ಜನ ನೀರಿಗೆ ಹೋದರೂ ಹೊಳೆಯ ನಡುವೆ ಕಣ್ಣು ಹಾಯಿಸುತ್ತಿರಲಿಲ್ಲ. ಮಕ್ಕಳು ಏನಾದರೂ ಕೇಳಿದರೆ ತಾಯಂದಿರು ಅವರ ಬಾಯಿ ಮುಚ್ಚುತ್ತಿದ್ದರು.

ಇಬ್ಬರೂ ಎಲ್ಲಿ ಎಂದು ಮಾಳಿಂಗನ ಅಕ್ಕ ಸಂಕವ್ವ ಕೇಳಿದಳು. ಸಿಪಾಯಿಗಳು ಅವಳನ್ನೂ ದೋಣಿ ಹತ್ತಿಸಿದರು.

ನಡುಗಡ್ಡೆಯಲ್ಲಿ ಹಕ್ಕಿಯ ಸದ್ದೂ ಇರಲಿಲ್ಲ. ಮರಳಿನಲ್ಲಿ ಎರಡು ದಿಬ್ಬಗಳಿದ್ದವು. ಪಕ್ಕದಲ್ಲೇ ಆಗಷ್ಟೇ ತೋಡಿದ ಗುಂಡಿ. ಅದರ ಅಂಚಿನಲ್ಲಿ ರಾಜನ ತಲೆ ಕಡಿಯುವ ಆಳು ದುರುಗ ಕೊಡಲಿ ಹಿಡಿದು ನಿಂತಿದ್ದ. ರಾಜ ಕೊಡೆಯ ಕೆಳಗೆ ಕೂತಿದ್ದ.

ಸಂಕವ್ವ ರಾಜನ ಮುಂದೆ ಹೋಗಿ ನಿಂತಳು. ತನ್ನ ತಪ್ಪೇನು ಎಂದು ಕೇಳಿದಳು. ದೂರು ಕೊಟ್ಟವರು ಯಾರು ಎಂದು ಕೇಳಿದಳು. ರಾಜ ನಕ್ಕ.

"ಹೋಗಲಿ, ಈ ನಡುಗಡ್ಡೆ ಯಾರದು, ಒಡೆಯಾ?"

"ಯಾರದೂ ಅಲ್ಲ. ನನ್ನ ರಾಜ್ಯ ಆ ದಡಕ್ಕೆ ಮುಗಿಯಿತು. ಇಲ್ಲಿ ಕೋಲು ಗೀಲು ಕೇಳಬೇಡ."

ಸಂಕವ್ವ ದುರುಗನ ಕಡೆ ತಿರುಗಿದಳು. "ಕೇಳಿದೆಯಾ, ದುರುಗಣ್ಣ? ಇಲ್ಲಿ ಇವರು ರಾಜರಲ್ಲ. ನೀನು ಕೊಡಲಿ ಎತ್ತಿದರೆ ಅದು ರಾಜಾಜ್ಞೆಯಲ್ಲ, ನೀನು ಮಾಡಿದ ಕೊಲೆ. ಆ ಎರಡು ದಿಬ್ಬಕ್ಕೂ ನೀನೇ ಉತ್ತರ ಹೇಳಬೇಕು. ಆಗ ಇವರು ನಿನ್ನ ಪಕ್ಕ ನಿಲ್ಲುತ್ತಾರಾ, ಈಗಲೇ ಕೇಳಿಕೋ."

ದುರುಗ ರಾಜನ ಮುಖ ನೋಡಿದ. ರಾಜ ಬೇರೆ ಕಡೆ ನೋಡಿದ. ದುರುಗ ಕೊಡಲಿ ಕೆಳಗಿಟ್ಟ.

ರಾಜ ಕೆರಳಿ ಎದ್ದ. ನಡುಗಡ್ಡೆ ತನ್ನದೇ, ಸಿಪಾಯಿಗಳೂ ತನ್ನವರೇ, ಇದು ತನ್ನ ಆಜ್ಞೆ, ಕಡಿ ಎಂದ.

"ನಿಮ್ಮದೇ ಆದರೆ ಇಲ್ಲೂ ಕೋಲು ಬೇಕು. ದಡಕ್ಕೆ ನಡೆಯಿರಿ, ಒಡೆಯಾ. ಒಂದು ತುದಿ ನಾನು ಹಿಡಿಯುತ್ತೇನೆ."

ಸಿಪಾಯಿಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ದಿಬ್ಬಗಳ ಮೇಲೆ ಮರಳು ಎಳೆದವರು ಅವರೇ. ರಾಜ ಕೈಬಿಟ್ಟರೆ ಕೊಲೆಯ ಹೊಣೆ ಅವರ ಕುತ್ತಿಗೆಗೂ ಬೀಳುತ್ತದೆ. ಆಜ್ಞೆ ತನ್ನದೆಂದು ರಾಜನೇ ಊರ ಮುಂದೆ ಹೇಳಲಿ ಎಂದು ಅವರು ಅವನನ್ನೇ ದೋಣಿಯಲ್ಲಿ ಕೂರಿಸಿದರು.

ದಡದಲ್ಲಿ ಸುದ್ದಿ ಹಬ್ಬಿತು. ಜನ ಮುತ್ತಿಕೊಂಡರು. ವಿಚಾರಣೆ ಯಾಕೆ, ಹೊಳೆಗೆ ನೂಕಿ ಎಂದರು. ಸಂಕವ್ವ ಅಡ್ಡ ನಿಂತಳು.

"ನನ್ನ ತಮ್ಮನಿಗೆ ಮಾತಾಡಲು ಬಿಡಲಿಲ್ಲ. ಇವನಿಗೆ ಬಿಡೋಣ. ಇಲ್ಲದಿದ್ದರೆ ಈ ದಡವೂ ನಡುಗಡ್ಡೆಯೇ."

ಸಂಕವ್ವ ಕೋಲಿನ ಒಂದು ತುದಿ ಹಿಡಿದಳು, ರಾಜ ಇನ್ನೊಂದು ತುದಿ ಹಿಡಿದು, ಹೇಳುವುದನ್ನೆಲ್ಲ ಹೇಳಿದ. ದುರುಗನೂ ಸಿಪಾಯಿಗಳೂ ಕಂಡದ್ದು, ಮಾಡಿದ್ದು ಹೇಳಿದರು. ಊರು ಎಲ್ಲವನ್ನೂ ಕೇಳಿ ತೀರ್ಪು ಕೊಟ್ಟಿತು. ವೀರದರ್ಪ ಕಿರೀಟ ಕಳಚಿ ಸೆರೆಮನೆಗೆ ಹೋದ. ದುರುಗನೂ ಸಿಪಾಯಿಗಳೂ ಅವನ ಹಿಂದೆ ಹೋದರು.

ಮಕ್ಕಳೇ, ಅಧಿಕಾರದ ಕೈ ಎಲ್ಲಿಯವರೆಗೆ ಚಾಚುತ್ತದೋ ನ್ಯಾಯವೂ ಅಲ್ಲಿಯವರೆಗೆ ಹೋಗಬೇಕು. ಎಂಥ ಕೆಟ್ಟವನೇ ಆಗಲಿ, ಅವನ ಮಾತು ಕೇಳಿದ ಮೇಲೆಯೇ ತೀರ್ಪು.