ರೆಕ್ಕೆಯೊಳಗಿನ ಹಿತ್ತಾಳೆ

ಕಪಿಲೆಯ ದಡದಲ್ಲಿ ವಾಮದೇವಾಚಾರ್ಯರದೊಂದು ಪುಟ್ಟ ವಿಮಾನಶಾಲೆ. ಹೆಸರು ‘ಸುಪರ್ಣ’. ಮರ, ಬಟ್ಟೆಯಿಂದ ಇಬ್ಬರು ಕೂರುವ ವಿಮಾನ ಕಟ್ಟುವುದೇ ಅವರಿಗೆ ಪೂಜೆ.

ಮೊದಲನೆಯದು ಬೇಲಿಯನ್ನೂ ದಾಟಲಿಲ್ಲ. ಗುರುಗಳು ನಕ್ಕು, ದೇವರಿಗೊಂದು ಕಾಯಿ ಒಡೆದು, ಎರಡನೆಯದಕ್ಕೆ ಮರ ಆರಿಸಿದರು. ಭಗವಂತನ ದಯೆ, ಆಮೇಲಿನವು ಎಷ್ಟೋ ಊರುಗಳ ಆಕಾಶ ಕಂಡವು.

ಈಗ ಗುರುಗಳಿಗೆ ವಯಸ್ಸಾಗಿತ್ತು. ದೊಡ್ಡ ಕಂಪನಿಯೊಂದು ಶಾಲೆಯನ್ನು ಕೊಂಡಿತು. ಕೊನೆಯ ವಿಮಾನ ಆ ಕಂಪನಿಯ ಹೆಸರಿನಲ್ಲೇ ಹೋಗಬೇಕು.

ಶಿಷ್ಯ ಮೌನೇಶನಿಗೆ ಅನ್ನ ಸೇರಲಿಲ್ಲ. ಮೀಸೆ ಮೂಡುವ ಮೊದಲೇ ಬಂದವನ ತಲೆ ಇಲ್ಲೇ ನರೆತಿತ್ತು.

ಹಾರಿಸುವ ಮುನ್ನ, ಎರಡೂ ರೆಕ್ಕೆ ಸಮತೂಕವಾಗಿವೆಯೇ ಎಂದು ನೋಡಲು, ವಿಮಾನದ ನಡುವಿಗೆ ಹಗ್ಗ ಹಾಕಿ ತೊಲೆಗೆ ತೂಗುಬಿಡುವುದು ಅಲ್ಲಿಯ ಪದ್ಧತಿ. ಗುರುಗಳು ಆರತಿ ಎತ್ತಿದರು. ಎಡರೆಕ್ಕೆ ಮೆಲ್ಲಗೆ ಕೆಳಗಿಳಿಯಿತು.

“ಮೌನೇಶಾ, ಆ ಕಡೆ ಯಾರೋ ಕೂತ ಹಾಗಿದೆಯಲ್ಲೋ!”

ಮೌನೇಶ ತಲೆ ತಗ್ಗಿಸಿದ. “ರೆಕ್ಕೆ ತುದಿಯೊಳಗೆ ಹಿತ್ತಾಳೆ ತಗಡಿದೆ, ಗುರುಗಳೇ. ‘ಸುಪರ್ಣ’ ಅಂತ ಕೊರೆದು ಇಟ್ಟಿದ್ದೀನಿ.”

“ಬಟ್ಟೆ ಹೊದಿಸಿದ ಮೇಲೆ ಯಾರಿಗೆ ಕಾಣುತ್ತೆ?”

“ಕಾಣದಿದ್ರೂ ಇರುತ್ತಲ್ಲ. ಹೊರಗೆ ಅವರ ಹೆಸರು ಬರೀತಾರೆ. ನಾವೂ ಇದ್ದೆವು ಅನ್ನೋದಕ್ಕೆ ಒಂದು ಗುರುತು ಬೇಡವೇ?”

ಗುರುಗಳು ಬಯ್ಯಲಿಲ್ಲ. ಹೊಲಿಗೆ ಬಿಚ್ಚಿ, ತಗಡು ತೆಗೆದು, ಉತ್ತರೀಯದಿಂದ ಒರೆಸಿದರು.

“ಅಕ್ಷರ ಮುದ್ದಾಗಿದೆ ಕಣೋ. ತುದಿಯಲ್ಲಿಟ್ಟರೆ ವಾಲುತ್ತೆ, ಅಷ್ಟೇ.”

ತಾವೇ ಅದನ್ನು ಅವನ ಎದೆಯ ಜೇಬಿಗೆ ಹಾಕಿದರು. “ರೆಕ್ಕೆ ಹೊಲಿದುಬಿಡು. ನಾಳೆ ನೀನೂ ಬರಬೇಕು.”

ರೆಕ್ಕೆ ಕಟ್ಟಿದವನೇ ಮೊದಲ ಹಾರಾಟದಲ್ಲಿ ಗುರುಗಳ ಹಿಂದೆ ಕೂರಬೇಕು. ಅದೂ ಅಲ್ಲಿಯ ಪದ್ಧತಿಯೇ.

ಬೆಳಗ್ಗೆ ವಿಮಾನ ನೆಲ ಬಿಟ್ಟಿತು. ಒಂದಿಷ್ಟೂ ವಾಲಲಿಲ್ಲ. ಕೆಳಗೆ ಮಂಜು ಸರಿದು ಹೊಳೆ ಕಂಡಿತು, ಆಚೆ ದೇವಸ್ಥಾನದ ಕಳಸ ಕಂಡಿತು. ಮೌನೇಶ ತನಗರಿವಿಲ್ಲದೆ ಕೈ ಮುಗಿದ.

ಇಳಿದ ಮೇಲೆ ಗುರುಗಳು ಕೇಳಿದರು, “ತಗಡೆಲ್ಲೋ?”

ಮೌನೇಶ ಬೆಚ್ಚಿ ಜೇಬು ಮುಟ್ಟಿಕೊಂಡ. “ಇದೆ, ಗುರುಗಳೇ...” ಅವನ ಮುಖದಲ್ಲಿ ನಾಚಿಕೆಯ ನಗು. “ಮೇಲೆ ಹೋದಮೇಲೆ ಅದರ ನೆನಪೇ ಬರಲಿಲ್ಲ.”

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

“ಹಾಗೆ ಮರೆಸುವಂಥದ್ದನ್ನೇ ಅಲ್ಲವೇನಪ್ಪ ನಾವು ಇಷ್ಟು ವರ್ಷ ಕಟ್ಟಿದ್ದು?”