ತಗ್ಗಿನಹಾಳದ ಕುಸುಬಿಗಂಗೆ

ತಗ್ಗಿನಹಾಳದಲ್ಲಿ ಬಸ್ಸಿಳಿದು, ಎರೆಹೊಲಗಳ ನಡುವಿನ ದಾರಿ ಹಿಡಿದು ಪಡುವಣಕ್ಕೆ ನಡೆದರೆ ಸುಣ್ಣಗಲ್ಲಿನ ಗುಡ್ಡವೊಂದು ಎದುರಾಗುತ್ತದೆ. ಗುಡ್ಡದ ಬುಡದಲ್ಲಿ ಆಳೆತ್ತರದ ಗವಿ, ಗವಿಯೊಳಗೆ ಗವಿಲಿಂಗಪ್ಪ, ಲಿಂಗದ ಹಿಂದಿನ ಬಂಡೆಯ ಬಿರುಕಿನಿಂದ ಎಡೆಬಿಡದೆ ಇಳಿದುಬರುವ ನೀರು. ಎಂಥ ಬೇಸಿಗೆಯಲ್ಲಿಯೂ ಈ ಊಟೆ ಬತ್ತಿದ್ದನ್ನು ಕಂಡವರಿಲ್ಲ. ಇದರ ಹೆಸರು ಕುಸುಬಿಗಂಗೆ. ಆದರೆ ಗವಿಯ ಹತ್ತಿರ ಎಲ್ಲಿ ಹುಡುಕಿದರೂ ಕುಸುಬಿಯ ಗಿಡವಿಲ್ಲ. ನೀರಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ನೆಲದೊಳಗಿನ ನೀರನ್ನು ಅಭ್ಯಾಸ ಮಾಡುವ ಸಂಶೋಧಕರು ಆಗಾಗ ಇಲ್ಲಿಗೆ ಬರುತ್ತಾರೆ. ಗಾಜಿನ ಶೀಸೆಗಳಲ್ಲಿ ನೀರು ತುಂಬಿಕೊಂಡು, ಬಂಡೆಯ ಬಿರುಕುಗಳ ಚಿತ್ರ ತೆಗೆದುಕೊಂಡು, ಹೊರಡುವ ಹೊತ್ತಿಗೆ ಒಬ್ಬರಾದರೂ ಈ ಹೆಸರು ಹೇಗೆ ಬಂತೆಂದು ಕೇಳದೆ ಇರುವುದಿಲ್ಲ. ಕೇಳಿದವರನ್ನು ಊರ ಹಿರಿಯರು ಗವಿಯ ಮುಂದಿನ ಕಟ್ಟೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಮೊದಲು ಒಂದು ಬೊಗಸೆ ತೀರ್ಥ, ಆಮೇಲೆ ಮಾತು.

ಹಿಂದೆ ಒಮ್ಮೆ, ಈ ಸೀಮೆಯನ್ನು ಯಾವ ಅರಸರು ಆಳುತ್ತಿದ್ದರೆಂಬುದು ಕೂಡ ಮರೆತುಹೋಗಿರುವಷ್ಟು ಹಿಂದೆ, ಈ ಊಟೆಯನ್ನು ಕಾಶಿಗಂಗೆ ಎಂದು ಕರೆಯುತ್ತಿದ್ದರು. ಕಾಶಿಯಲ್ಲಿ ವಿಶ್ವನಾಥನ ಪಾದ ತೊಳೆದ ನೀರು ನೆಲದೊಳಗೇ ದಾರಿ ಮಾಡಿಕೊಂಡು ಗವಿಲಿಂಗಪ್ಪನ ತಲೆಯ ಮೇಲೆ ಇಳಿಯುತ್ತದೆ ಎಂಬುದು ತಗ್ಗಿನಹಾಳದವರ ನಂಬಿಕೆ. ಗುಡ್ಡದ ನೆತ್ತಿಯ ಆಚೆಗೆ ಹಿರೇದಿಬ್ಬ ಎಂಬ ಊರು. ಅದು ಕೆಂಪು ನೆಲದ ಊರು. ಅಲ್ಲಿ ಮಳೆ ಬಿದ್ದರೆ ಹಳ್ಳವೇನೋ ತುಂಬಿ ಹರಿಯುವುದು. ಆದರೆ ಊರು ದಾಟುತ್ತಿದ್ದಂತೆ ನುಂಗುಗುಂಡಿ ಎಂಬ ದೊಡ್ಡ ತೂತಿನೊಳಗೆ ಗುಡುಗುಡು ಎಂದು ಇಳಿದು ಕಾಣೆಯಾಗುವುದು. ಮಳೆ ನಿಂತು ಸ್ವಲ್ಪ ದಿನ ಕಳೆಯುವಷ್ಟರಲ್ಲಿ ಹಿರೇದಿಬ್ಬದ ಹೆಂಗಸರು ಕೊಡ ಹೊತ್ತು ದೂರದ ಬಾವಿಗಳಿಗೆ ಅಲೆಯಬೇಕು. ಕಣ್ಣೆದುರಿಗೇ ಬಂದ ನೀರು ಕಣ್ಣೆದುರಿಗೇ ಹೋಗುವುದನ್ನು ನೋಡಿ ನೋಡಿ ಬೇಸತ್ತ ಅಲ್ಲಿಯ ಗೌಡ ಭರಮಗೌಡ, ಆ ವರ್ಷ ಬರಲಿದ್ದ ನಾಗರಪಂಚಮಿ ಮುಗಿದ ಮರುದಿನವೇ ಗುಂಡಿಯ ಬಾಯಿಗೆ ಬಂಡೆ ಹಾಕಿ, ಜೇಡಿಮಣ್ಣು ಬಡಿದು, ಮುಂದಿನ ದೊಡ್ಡ ಮಳೆಗಳನ್ನು ಕೆರೆಯಾಗಿ ನಿಲ್ಲಿಸುವುದೆಂದು ನಿಶ್ಚಯಿಸಿದ. ಒಳ್ಳೆಯ ಮನುಷ್ಯ. ನೆರೆಯೂರಿಗೆ ಒಂದು ಮಾತು ಹೇಳದೆ ಮಾಡಬಾರದೆಂದು ತಾನೇ ಗುಡ್ಡ ಇಳಿದು ಬಂದ.

ತಗ್ಗಿನಹಾಳದ ಹಿರಿಯ ಚೆನ್ನಮಲ್ಲಪ್ಪ ಬಾಯ್ತುಂಬ ನಕ್ಕ. “ಗೌಡ್ರ, ನಿಮ್ಮ ಗುಂಡಿ ನೀವು ಮುಚ್ಚಾಕ ನಮ್ಮನ್ಯಾಕ ಕೇಳತೀರಿ? ನಮ್ಮ ನೀರು ಬರೂದು ಕಾಶಿಯಿಂದ. ದಾರ್‍ಯಾಗ ನಿಮ್ಮ ಹಿರೇದಿಬ್ಬ ಎಲ್ಲಿ ಬರತೈತಿ?” ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಗೌಡನೂ ನಕ್ಕು, ಎಲೆಅಡಿಕೆ ಹಾಕಿಕೊಂಡು ಎದ್ದ. ನಗದೆ ಉಳಿದವನು ಒಬ್ಬನೇ, ಗವಿಲಿಂಗಪ್ಪನ ಪೂಜೆಯ ಅಡವಯ್ಯ.

ಅಡವಯ್ಯ ಹುಟ್ಟಿನಿಂದ ಆ ನೀರಿನ ಮಗ್ಗುಲಲ್ಲಿಯೇ ಬೆಳೆದವನು. ಬೆಳಗಿನ ಅಭಿಷೇಕಕ್ಕೆ ಕೊಡ ಹಿಡಿದಾಗ ನೀರಿನ ಧಾರೆ ಎಂದು ಸಣ್ಣಗಾಯಿತು, ಎಂದು ತೋರವಾಯಿತು ಎಂಬುದು ಅವನ ಕೈಗೇ ಗೊತ್ತಾಗುತ್ತಿತ್ತು. ತಗ್ಗಿನಹಾಳದಲ್ಲಿ ಒಂದು ಹನಿ ಬೀಳದಿದ್ದರೂ ಗುಡ್ಡದ ಆಚೆ ಮೋಡ ಕಟ್ಟಿ ಸುರಿದು ಕೆಲವು ದಿನ ಕಳೆದ ಮೇಲೆ ನೀರು ತೋರವಾಗುವುದನ್ನು ಅವನು ಎಷ್ಟೋ ಸಲ ಕಂಡಿದ್ದ. ಒಮ್ಮೊಮ್ಮೆ ಲಿಂಗದ ಪಾಣಿಪೀಠದ ಮೂಲೆಯಲ್ಲಿ ನಯವಾದ ಕೆಂಪು ಕೆಸರು ಕೂತಿರುತ್ತಿತ್ತು. ತಗ್ಗಿನಹಾಳದ ನೆಲವೆಲ್ಲ ಕರಿ ಎರೆ. ಕೆಂಪು ಎಲ್ಲಿಂದ ಬರಬೇಕು? ಇಷ್ಟು ದಿನ ಅದನ್ನು ಬೆರಳಿಂದ ಒರೆಸಿ, ಕಣ್ಣಿಗೊತ್ತಿಕೊಂಡು ಸುಮ್ಮನಾಗುತ್ತಿದ್ದ. ಈಗ ಗುಂಡಿ ಮುಚ್ಚುವ ಮಾತು ಕೇಳಿದ ಮೇಲೆ ಆ ಕೆಂಪು ಅವನ ಎದೆಯೊಳಗೇ ಕೂತುಬಿಟ್ಟಿತು. ನೀರು ಗುಡ್ಡದ ಮೇಲಿನದೇ ಆಗಿದ್ದರೆ ಗುಂಡಿ ಮುಚ್ಚಿದ ದಿನ ಊಟೆಯೂ ಮುಚ್ಚಿತು. ಊರಿಗೆ ಕುಡಿಯಲು ಬೇರೆ ಹನಿಯಿಲ್ಲ. ಹಾಗೆಂದು ಬಾಯಿಬಿಟ್ಟರೆ ಕಾಶಿಗಂಗೆಯನ್ನೇ ಅಲ್ಲಗಳೆದಂತೆ. ಅವನು ಲಿಂಗದ ಮುಂದೆ ಕೂತು ಬೇಡಿಕೊಂಡ: ತಂದೆ, ನೀನು ನೀರು ತರುವ ದಾರಿಯನ್ನು ತಿಳಿಯಬೇಕೆನ್ನುವುದು ಪಾಪವಾಗಿದ್ದರೆ ಈ ಆಸೆಯನ್ನೇ ಕಿತ್ತುಹಾಕು. ಪಾಪವಲ್ಲದಿದ್ದರೆ ದಾರಿ ತೋರಿಸು. ಆಸೆ ಹೋಗಲಿಲ್ಲ, ಮತ್ತಷ್ಟು ಬೆಳೆಯಿತು ಎನ್ನುತ್ತಾರೆ. ದೇವರ ಅಪ್ಪಣೆಯಾಯಿತೆಂದು ಅಡವಯ್ಯ ಎದ್ದ.

ಮೊದಲು ಬುಟ್ಟಿ ತುಂಬ ಬಿಲ್ವಪತ್ರೆ ಹೊತ್ತು ಗುಡ್ಡ ಹತ್ತಿ, ನುಂಗುಗುಂಡಿಗೆ ಅರ್ಪಿಸಿ ಬಂದು ಊಟೆಯ ಬಳಿ ಕಾದ. ಒಂದು ಎಸಳೂ ಬರಲಿಲ್ಲ. ಊರಿಗೆಲ್ಲ ಸುದ್ದಿಯಾಯಿತು. “ಅಯ್ಯಾ, ಪತ್ರಿ ಕಾಶಿಗೆ ಹೋಗಿ ತಿರುಗಿ ಬರಬೇಕಲ್ಲ, ತಡಾ ಆಕ್ಕೈತಿ,” ಎಂದು ಚೆನ್ನಮಲ್ಲಪ್ಪ ಚುಚ್ಚಿದ. ಆಮೇಲೆ ದನಿ ಗಡುಸಾಯಿತು. “ಗಂಗೀನ್ನ ಹಳ್ಳದ ನೀರು ಅಂತ ಪರೀಕ್ಷಾ ಮಾಡಾಕ ಹೊಂಟೀಯೇನು? ಪೂಜಿಗೆ ಬ್ಯಾರೆಯವರನ್ನ ನೋಡಬೇಕಾದೀತು.” ಅಡವಯ್ಯ ತಲೆ ತಗ್ಗಿಸಿ ಮನೆಗೆ ಬಂದ. ಅಂಗಳದಲ್ಲಿ ಹೆಂಡತಿ ನಿಂಬೆವ್ವ ಪಂಚಮಿಗೆಂದು ಕುಸುಬಿಯ ಒಣ ಎಸಳು ನೆನೆಹಾಕಿ, ಅರಿವೆಯಲ್ಲಿ ಸೋಸಿ, ಬಟ್ಟೆಗೆ ಬಣ್ಣ ಕಟ್ಟುತ್ತಿದ್ದಳು. ಗಂಡನ ಸಪ್ಪೆಮೋರೆ ನೋಡಿ ಕೇಳಿದಳು. ಕೇಳಿ ತಿಳಿದು, ಕೈಯಲ್ಲಿದ್ದ ಅರಿವೆಯನ್ನು ಅವನ ಮುಂದೆ ಹಿಡಿದು ಹಿಂಡಿದಳು. ಎಸಳೆಲ್ಲ ಅರಿವೆಯಲ್ಲಿ ಉಳಿದವು. ಚಿನ್ನದಂಥ ಹಳದಿ ನೀರು ಕೆಳಗಿಳಿಯಿತು. “ಗುಡ್ಡದ ಹೊಟ್ಯಾಗ ಎಂಥಾ ಸಂದಿ ಅದಾವೋ ಏನೋ. ಪತ್ರಿ ಸಿಕ್ಕೊಂಡಿರತಾವು. ಬಣ್ಣ ಎಲ್ಲಿ ಸಿಕ್ಕೊಳ್ಳತೈತ್ರಿ?” ಅಡವಯ್ಯ ಕೂತಲ್ಲಿಂದ ಪುಟಿದೆದ್ದ. ಹೆಂಡತಿಯ ಕೈಯ ಹಳದಿ ನೀರನ್ನೇ ಹಣೆಗೆ ಹಚ್ಚಿಕೊಂಡು ಹಿರೇದಿಬ್ಬಕ್ಕೆ ಓಡಿದ ಎನ್ನುತ್ತಾರೆ.

ಭರಮಗೌಡ ಎಲ್ಲವನ್ನೂ ಕೇಳಿ ಮೀಸೆ ನೀವಿಕೊಂಡ. ತನ್ನ ಊರಿನ ನೀರಡಿಕೆಯೂ ನಿಜ, ಇವನ ಅಂಜಿಕೆಯೂ ನಿಜವಿರಬಹುದು. “ಆತು ಅಯ್ಯಾರ, ನೋಡೇಬಿಡೂಣು. ಆದರ ಬಣ್ಣಾ ಸುರಿಯಾಂವ ನಾನು. ಯಾವತ್ತು ಸುರಿತೀನಿ ಅಂತ ನಿಮಗ ಹೇಳಂಗಿಲ್ಲ. ಕೆಳಗ ಕಾಯಾಕ ನಮ್ಮವ್ವ ಬರತಾಳ. ನೀವು ಅರಿಷಿಣ ಕಲಸಿ ಬಿಟ್ರ ಆಕಿ ಕಣ್ಣು ತಪ್ಪಿಸಾಕ ಆಗೂದಿಲ್ಲ. ಪಂಚಮಿ ಮಟ ಬಣ್ಣ ಬರಲಿಲ್ಲಾ, ಮರುದಿನ ಗುಂಡಿಗೆ ಬಂಡಿಗಲ್ಲು ಉರುಳಸ್ತೀನಿ.” ಅಡವಯ್ಯ ಸಂತೋಷದಿಂದ ಒಪ್ಪಿದ. ಮೋಸವಿಲ್ಲದವನಿಗೆ ಕಾವಲು ಭಾರವಲ್ಲ. ನಿಂಬೆವ್ವ ಮನೆಮನೆ ತಿರುಗಿ, “ದೇವರ ಕೆಲಸಕ್ಕ” ಎಂದು ಸೆರಗೊಡ್ಡಿದಳು. ಗಂಡಸರು ಮುಖ ತಿರುಗಿಸಿದರೂ ಹೆಂಗಸರು ತಮ್ಮ ಬಣ್ಣಕ್ಕೆಂದು ಎತ್ತಿಟ್ಟಿದ್ದ ಕುಸುಬಿಯನ್ನೆಲ್ಲ ಸುರಿದರು. ಚೀಲಗಟ್ಟಲೆ ಎಸಳು ಗುಡ್ಡ ಹತ್ತಿತು.

ಗೌಡನ ತಾಯಿ ಬಸಲಿಂಗವ್ವ ಚಕ್ಕಡಿಯಲ್ಲಿ ಬಂದಿಳಿದಳು. ಹಲ್ಲಿಲ್ಲದ ಬಾಯಿ, ಹದ್ದಿನ ಕಣ್ಣು. ಊಟೆಯ ಎದುರಿಗೆ ಕೌದಿ ಹಾಸಿಕೊಂಡು ಕೂತವಳು ಅಡವಯ್ಯನ ಕೈ, ಕೊಡ, ಜೋಳಿಗೆ ಎಲ್ಲವನ್ನೂ ನೋಡಿಯೇ ಒಳಗೆ ಬಿಡುತ್ತಿದ್ದಳು. ಅವಳ ಅಪ್ಪಣೆಯಂತೆ ನೀರು ಬೀಳುವಲ್ಲಿ ಬಿಳಿಯ ಅರಿವೆಯೊಂದನ್ನು ಕಲ್ಲಿಟ್ಟು ಹಾಸಿದರು. ಆದರೆ ಆ ನೀರನ್ನು ಕುಡಿದ ಮೇಲೆ ಅವಳ ಬಿಗುವು ಸಡಿಲಿತು. “ಎಂಥಾ ಸವಿ ನೀರೋ ಯಪ್ಪಾ! ನಮ್ಮೂರಾಗ ಇಂಥಾದ್ದು ಒಂದು ಕೊಡ ಸಿಕ್ಕರ ಸಾಕಿತ್ತು,” ಎಂದು ಹೊತ್ತಿಗೊಮ್ಮೆ ಬೊಗಸೆಯೊಡ್ಡುತ್ತಿದ್ದಳು. ದಿನಗಳು ಸಾಗಿದವು. ಅರಿವೆ ಬೆಳ್ಳಗೇ ಇತ್ತು. ಪಂಚಮಿ ಬಂತು, ಊರಲ್ಲಿ ಜೋಕಾಲಿ ತೂಗಿದವು, ಅಳ್ಳು ತಂಬಿಟ್ಟಿನ ಗಮಗಮ ಗವಿಯವರೆಗೆ ಬಂತು. ಅರಿವೆ ಬೆಳ್ಳಗೇ ಇತ್ತು. ಮೇಲೆ ಗೌಡ ಬಣ್ಣ ಸುರಿದು ಆಗಲೇ ಕೆಲವು ದಿನಗಳಾಗಿದ್ದವು. ಕೆಳಗಿನವರಿಗೆ ಅದು ತಿಳಿಯದು. ಗುಡ್ಡದ ಹೊಟ್ಟೆಯಲ್ಲಿ ನೀರಿಗೆ ಎಷ್ಟು ತಿರುವು, ಎಷ್ಟು ಮಡುವು ಎಂಬುದು ಮೇಲಿನವರಿಗೂ ತಿಳಿಯದು.

ಮರುದಿನ ಬೆಳಗಾಯಿತು. ಬಸಲಿಂಗವ್ವ ಗಂಟು ಕಟ್ಟಿದಳು. “ಮುಗೀತು ಅಯ್ಯಾರ. ನನ್ನ ಮಗ ಇಷ್ಟೊತ್ತಿಗೆ ಬಂಡಿಗಲ್ಲಿಗೆ ಹಾರಿ ಹಚ್ಚಿರತಾನ.” ಅಡವಯ್ಯ ಲಿಂಗದ ಮುಂದೆ ಕೂತ. ಲಿಂಗಕ್ಕೆ ವಿಭೂತಿ ಹಚ್ಚಿ, ಊಟೆಗೆ ಕೊಡ ಹಿಡಿದ. ಇದು ಕೊನೆಯ ತುಂಬುಕೊಡವಾದರೆ ಅದೂ ನಿನ್ನ ಇಚ್ಛೆ ಎಂದುಕೊಂಡು, ಕಣ್ಣು ಮುಚ್ಚಿ ಲಿಂಗದ ಮೇಲೆ ಎರೆದ. ಕಣ್ಣು ತೆರೆದ. ಬೆಳ್ಳನೆಯ ವಿಭೂತಿಯ ಪಟ್ಟೆಗಳ ಮೇಲೆ ಹಳದಿಯ ಎಳೆಗಳು ಇಳಿಯುತ್ತಿದ್ದವು! ಅವನು ಕಣ್ಣುಜ್ಜಿಕೊಂಡ. ಇನ್ನೊಂದು ಕೊಡ ಎರೆದ. ಇನ್ನೂ ಹಳದಿ! “ಯವ್ವಾ!” ಎಂದು ಕೂಗಿದ ದನಿಗೆ ಗವಿಯೇ ನಡುಗಿತು. ಬಸಲಿಂಗವ್ವ ಗಂಟು ಎಸೆದು ಬಂದು ಅರಿವೆಯನ್ನು ಎತ್ತಿದಳು. ಸೂರ್ಯನ ಬಿಸಿಲಿಗೆ ಹಿಡಿದಳು. ಹಚ್ಚ ಹಳದಿ, ಹೊಲದಲ್ಲಿ ಅರಳಿದ ಕುಸುಬಿಯ ಹಾಗೆ! “ಬಂತೋ! ಬಂತೋ! ಓಡೋ ಅಯ್ಯಾ, ಬಂಡಿ ಉರುಳತೈತಿ, ಓಡು!”

ಮಡಿಯ ಒದ್ದೆಬಟ್ಟೆಯಲ್ಲಿಯೇ ಅಡವಯ್ಯ ಗುಡ್ಡ ಹತ್ತಿದ. ಕೈಯಲ್ಲಿ ಹಳದಿ ಅರಿವೆ, ಬಾಯಲ್ಲಿ ಶಿವನಾಮ, ಕಾಲಿಗೆ ಕಲ್ಲು ತಾಗಿದ ಅರಿವೇ ಇಲ್ಲ. ನೆತ್ತಿ ದಾಟಿ ಗುಂಡಿಯ ಬಳಿ ಬಂದಾಗ ಹಿರೇದಿಬ್ಬದವರು ದೊಡ್ಡ ಬಂಡೆಯನ್ನು ಗುಂಡಿಯ ಅಂಚಿಗೆ ತಂದು “ಹುಯ್ಯಾ” ಎಂದು ಕೊನೆಯ ನೂಕು ಕೊಡಲು ಸಜ್ಜಾಗಿದ್ದರು. ಅಡವಯ್ಯನಿಗೆ ಉಸಿರಿರಲಿಲ್ಲ, ಮಾತು ಬರಲಿಲ್ಲ. ಅರಿವೆಯನ್ನು ಎರಡೂ ಕೈಯಲ್ಲಿ ಎತ್ತಿ ಬಂಡೆಗೂ ಗುಂಡಿಗೂ ನಡುವೆ ನಿಂತುಬಿಟ್ಟ. ಗೌಡ ಕೈಯೆತ್ತಿದ. ಹಾರೆಗಳು ನಿಂತವು. “ಅಯ್ಯಾರ, ಇದಕ್ಕ ಸಾಕ್ಷಿ?” ಎನ್ನುವಷ್ಟರಲ್ಲಿ ಗುಡ್ಡ ಬಳಸಿ ಬರುವ ದಾರಿಯಿಂದ ಚಕ್ಕಡಿ ಧಡಧಡನೆ ಬಂತು. ಹೊಡೆಯುತ್ತಿದ್ದವನು ಚೆನ್ನಮಲ್ಲಪ್ಪ! ಕೂಗು ಕೇಳಿ ಗವಿಗೆ ಬಂದು ಹಳದಿ ನೀರನ್ನು ಕಣ್ಣಾರೆ ಕಂಡ ಮೇಲೆ ಅವನಿಗೆ ನಿಲ್ಲಲಾಗಿರಲಿಲ್ಲ. ಹಿಂದೆ ಕೂತಿದ್ದ ಬಸಲಿಂಗವ್ವ ಇಳಿಯುವ ಮೊದಲೇ ಶುರುಮಾಡಿದಳು: “ಸಾಕ್ಷಿ ನಾನೋ, ಭರಮಾ! ಬಂಡಿಗಲ್ಲು ಹಿಂದಕ್ಕ ಸರಸು! ಯಪ್ಪಾ, ನಾವು ದನಾ ಮೈತೊಳೀತೇವಿ, ನಾರಿಗೆ ಪುಂಡಿ ಕೊಳಿಹಾಕತೇವಿ, ಅದ ನೀರನ್ನ ಇವರು ದೇವರಿಗೆ ಎರಿತಾರೋ! ಇಷ್ಟು ದಿನ ನಾನೂ ಸವಿ ಸವಿ ಅಂತ ಕುಡದೆನಲ್ಲೋ!” ಸುತ್ತ ನಿಂತವರು ಬಿದ್ದುಬಿದ್ದು ನಕ್ಕರು. ನಗು ಮುಗಿದ ಮೇಲೆ ಎಲ್ಲರೂ ಗುಂಡಿಯೊಳಗೆ ಇಳಿಯುವ ನೀರನ್ನೇ ನೋಡುತ್ತ ನಿಂತರು.

ಚೆನ್ನಮಲ್ಲಪ್ಪನ ಕಣ್ಣಲ್ಲಿ ನೀರಿತ್ತು. “ಅಯ್ಯಾ, ಊರು ಉಳೀತು. ಆದರ ನಮ್ಮ ಕಾಶಿ ಹೋತಲ್ಲ,” ಎಂದ. ಅಡವಯ್ಯ ಅವನ ಕೈ ಹಿಡಿದುಕೊಂಡ. “ಎಲ್ಲಿ ಹೋತ್ರಿ, ಹಿರ್‍ಯಾರ? ಮ್ಯಾಲಿಂದ ಮಳಿ ಸುರಿಯಾಂವ ಆ ಶಿವನ. ಈ ಕೆಸರು, ಈ ಸಗಣಿ ಎಲ್ಲಾ ಗುಡ್ಡದ ಹೊಟ್ಯಾಗ ಸೋಸಿ ತಿಳಿ ಮಾಡಿ ಕೊಡಾಂವನೂ ಅವನ. ದೇವರು ಇಷ್ಟು ಕೆಲಸಾ ದಗದಾ ಮಾಡತಿದ್ದಾ ಅನ್ನೂದು ನನಗ ಗೊತ್ತಿರಲಿಲ್ಲ. ಇವತ್ತು ಕಂಡೆ.” ಹಿರಿಯ ಆ ಗುಂಡಿಯ ಅಂಚಿನಲ್ಲಿಯೇ ಅಡ್ಡಬಿದ್ದ. ಭರಮಗೌಡ ತನ್ನ ಊರಿಗೂ ನೀರು ಬೇಕಲ್ಲ ಎಂದ. ಆಗ ಎರಡೂ ಊರಿನವರು ಅಲ್ಲೇ ಕೂತು ಮಾತಾಡಿಕೊಂಡರು. ಗುಂಡಿಯ ಮೇಲುಗಡೆ ಹಳ್ಳಕ್ಕೆ ಅಡ್ಡಲಾಗಿ ತಗ್ಗಾದ ಕಟ್ಟೆ. ಅದು ತುಂಬಿ ಹಿರೇದಿಬ್ಬದ ಕೆರೆಯಾದ ಮೇಲೆ ಕೋಡಿಬಿದ್ದ ನೀರೆಲ್ಲ ಗುಂಡಿಗೆ. ಕಟ್ಟೆಗೆ ಕಲ್ಲು ಹೊರಲು ತಗ್ಗಿನಹಾಳದವರು ಬಂದರು. ಗುಂಡಿ ಮುಚ್ಚಲೆಂದು ತಂದ ಬಂಡೆಯನ್ನೇ ಸೀಳಿ ಗುಂಡಿಯ ಸುತ್ತ ನಿಲ್ಲಿಸಲು ಕಂಬ ಮಾಡಿದರು. ಅಂದಿನಿಂದ ಕಾಶಿಗಂಗೆಗೆ ಕುಸುಬಿಗಂಗೆ ಎಂಬ ಹೆಸರು ಬಂತು. ಮೊದಲು ಹಾಗೆ ಕರೆದವನು ಚೆನ್ನಮಲ್ಲಪ್ಪನೇ ಎನ್ನುತ್ತಾರೆ.

ಗುಡ್ಡ ಹತ್ತುವ ತ್ರಾಣವಿದ್ದವರು ಇಂದಿಗೂ ನುಂಗುಗುಂಡಿಯನ್ನು ನೋಡಬಹುದು. ಸುತ್ತ ಕಲ್ಲಿನ ಕಂಬಗಳ ಜಾಲಂದರ. ಕಸಕಡ್ಡಿ ಅಲ್ಲಿಯೇ ನಿಂತು, ನೀರು ಮಾತ್ರ ಒಳಗಿಳಿಯುತ್ತದೆ. ಆಚೆಗೆ ಕೆರೆ, ಕೆರೆಯಲ್ಲಿ ಬಾತುಗಳು, ದಂಡೆಯಲ್ಲಿ ಹಿರೇದಿಬ್ಬದ ದನಗಳು. ದನ ತೊಳೆಯುವ ಜಾಗ ಮಾತ್ರ ಬೇರೆ, ದೂರದ ಹೊಂಡದಲ್ಲಿ. ಬಿಸಿಲಲ್ಲಿ ಹತ್ತಿ ಬಂದ ಪರವೂರಿನವರು ಆ ತಣ್ಣನೆಯ ನೀರು ಕಂಡು ಚಪ್ಪಲಿ ಬಿಟ್ಟು, ಜಾಲಂದರದ ಪಕ್ಕ ಕಾಲು ಇಳಿಬಿಡಲು ಹೋಗುವುದುಂಟು. ಆಗ ಕುರಿ ಕಾಯುವವರೋ, ಸೌದೆ ಹೊತ್ತು ಹೋಗುವ ಹೆಂಗಸರೋ, ಯಾರಿದ್ದರೆ ಅವರು, ಸಿಟ್ಟಿಲ್ಲದೆ, ಮನೆಯವರಿಗೆ ಹೇಳುವಂತೆ ಕೂಗಿ ಹೇಳುತ್ತಾರೆ: “ಅಲ್ಲಿ ಬ್ಯಾಡ್ರಿ ಯಪ್ಪಾ. ಕೆಳಗ ಕುಡಿಯೋರ ಅದಾರ.”