ಪಕ್ಕಕ್ಕೆ ಇಡದ ಹೆಜ್ಜೆ

ಒಂದು ಕಂಪ್ಯೂಟರಿನಲ್ಲಿ ಜಾರು, ಬಾಗು ಎಂಬ ಎರಡು ಪ್ರೋಗ್ರಾಮುಗಳಿದ್ದವು. ಇಳಿಜಾರು ಹಿಡಿದು ಓಡುವುದು ಜಾರುವಿನ ಕೆಲಸ. ಜಾರು ನಿಂತಲ್ಲಿ ನೆಲ ಯಾವ ಕಡೆಗೆ ಬಾಗಿದೆಯೆಂದು ಪರೀಕ್ಷಿಸುವುದು ಬಾಗುವಿನ ಕೆಲಸ.

ಎಂಜಿನಿಯರ್ ಮಂದಾಕಿನಿ ಲಸಿಕೆ ಒಯ್ಯುವ ಪೆಟ್ಟಿಗೆಯೊಂದನ್ನು ರೂಪಿಸುತ್ತಿದ್ದಳು. ಅದರ ಅಗಲ, ದಪ್ಪ ಬದಲಾದಂತೆ ಒಳಗೆ ನುಗ್ಗುವ ಬಿಸಿ ಹೆಚ್ಚಿದಲ್ಲಿ ಗುಡ್ಡ, ಕಡಿಮೆಯಾದಲ್ಲಿ ತಗ್ಗು ಬರುವಂತೆ ಕಂಪ್ಯೂಟರಿನೊಳಗೆ ಒಂದು ನೆಲ ಹರಡಿ, “ಎಲ್ಲಕ್ಕಿಂತ ತಗ್ಗಿನ ಜಾಗ ಹುಡುಕಿಕೊಡಿ” ಎಂದಳು.

ಜಾರು ಓಡಿಹೋಗಿ ಒಂದು ಸಮತಟ್ಟಿನಲ್ಲಿ ನಿಂತಿತು. “ಮುಂದೆಯೂ ಏರು, ಹಿಂದೆಯೂ ಏರು. ಇದೇ ತಳ.”

“ಎಡಬಲ ನೋಡಿದೆಯಾ? ತುಸು ತಾಳು, ನಾನು ಪರೀಕ್ಷಿಸುತ್ತೇನೆ,” ಎಂದಿತು ಬಾಗು.

“ನಿನ್ನದು ಯಾವಾಗಲೂ ಇದೇ ರಾಗ! ಕಾಲಡಿ ಸಮತಟ್ಟಾದ ಮೇಲೆ ನೋಡುವುದೇನಿದೆ?” ಎಂದು ಜಾರು ಉತ್ತರ ಕಳಿಸಿಯೇಬಿಟ್ಟಿತು.

ಆ ಜಾಗ ಸೂಚಿಸಿದ ಅಗಲ, ದಪ್ಪದಲ್ಲೇ ಪೆಟ್ಟಿಗೆ ತಯಾರಾಯಿತು. ಊರು ತಲುಪುವಷ್ಟರಲ್ಲಿ ಲಸಿಕೆಯೆಲ್ಲ ಬಿಸಿಗೆ ಕೆಟ್ಟುಹೋಗಿತ್ತು. ಕಾದು ಕೂತಿದ್ದ ತಾಯಂದಿರು ಕೂಸುಗಳನ್ನೆತ್ತಿಕೊಂಡು ಹಾಗೆಯೇ ಮನೆಗೆ ಮರಳಿದರು.

ಮಂದಾಕಿನಿ ಬೈಯಲಿಲ್ಲ. ಅದೇ ನೆಲವನ್ನು ಮತ್ತೆ ತೆರೆದಳು.

“ನಾನು ಸುಳ್ಳು ಹೇಳಲಿಲ್ಲ,” ಎಂದಿತು ಜಾರು, “ಸಮತಟ್ಟಾಗಿಯೇ ಇತ್ತು.”

“ಇತ್ತು,” ಎಂದಿತು ಬಾಗು. “ಅವಳು ಕೇಳಿದ್ದು ತಳವನ್ನು. ನೀನು ಕೊಟ್ಟದ್ದು ನಿನಗೆ ನಿಲ್ಲಲು ಸಿಕ್ಕ ಜಾಗವನ್ನು.”

ಜಾರು ಮೊದಲ ಬಾರಿಗೆ ಪಕ್ಕಕ್ಕೆ ಹೆಜ್ಜೆ ಇಟ್ಟಿತು. ನೆಲ ತಾನಾಗಿಯೇ ಅದನ್ನು ಕೆಳಕೆಳಗೆ ಕರೆದೊಯ್ಯಿತು. ಆ ದಾರಿ ಅಷ್ಟು ಸುಲಭವಾಗಿದ್ದುದಕ್ಕೇ ಜಾರುವಿಗೆ ಅಳು ಬಂತು.